ಬಿಸಿಲಿಗೆ ಬಂದ ಸೀರೆ

ಪೇಟೆ ಬೀದಿಯಲ್ಲಿ ಮೂರು ಸೀರೆ ಅಂಗಡಿಗಳು ಬಾಗಿಲು ಹಾಕಿದ್ದವು. ಉಳಿದದ್ದು ರುಕ್ಮಾಂಗದ ಶೆಟ್ಟರ ರವಿಕೆ ಬಟ್ಟೆಯ ಅಂಗಡಿ ಒಂದೇ. ಒಂದು ಬೆಳಿಗ್ಗೆ ಸರ್ವಮಂಗಳಮ್ಮ ಆನ್‌ಲೈನಿನಲ್ಲಿ ತರಿಸಿದ ಸೀರೆಯನ್ನು ರಟ್ಟಿನ ಪೆಟ್ಟಿಗೆಯ ಸಮೇತ ತಂದರು. ಪೆಟ್ಟಿಗೆಯನ್ನು ಅಂಗಡಿಯ ಕಲ್ಲು ಮೆಟ್ಟಿಲ ಮೇಲಿಟ್ಟು, ಸೀರೆ ಹಿಡಿದು ಒಳಗೆ ಹೋದರು.

ಪೆಟ್ಟಿಗೆ ಮೆಟ್ಟಿಲಿಗೆ ಹೇಳಿತು: “ನಾನು ಮನೆಬಾಗಿಲಿಗೇ ಹೋಗುತ್ತೇನೆ. ಇನ್ನು ನಿನ್ನನ್ನು ಹತ್ತುವವರು ಯಾರು?”

“ಹತ್ತುವವರು ಕಡಿಮೆಯಾಗಿದ್ದಾರೆ, ನಿಜ,” ಎಂದಿತು ಮೆಟ್ಟಿಲು. “ಮುಂದಿನ ತಿಂಗಳು ಶೆಟ್ಟರೂ ಬಾಗಿಲು ಹಾಕಬಹುದು. ಆದರೆ ನೀನು ಇವತ್ತು ಇಲ್ಲಿಗೇಕೆ ಬಂದೆ?”

ಅಷ್ಟರಲ್ಲಿ ಶೆಟ್ಟರು ಸೀರೆಯನ್ನೂ ನಾಲ್ಕು ರವಿಕೆ ತುಂಡುಗಳನ್ನೂ ಹಿಡಿದು ಹೊರಬಂದರು. “ಒಳಗಿನ ದೀಪದಲ್ಲಿ ಎಲ್ಲಾ ಒಂದೇ ಥರ ಕಾಣುತ್ತೆ ತಾಯಿ, ಬಿಸಿಲಲ್ಲಿ ನೋಡಿ,” ಎಂದು ಮೆಟ್ಟಿಲ ಮೇಲೆ ನಿಂತು ಸೆರಗು ಬಿಚ್ಚಿ ಹಿಡಿದರು.

“ಫೋನಿನಲ್ಲಿ ನೇರಳೆ ಬಣ್ಣ ಇತ್ತು. ಇದು ನೋಡಿದರೆ ಬದನೆಕಾಯಿ,” ಎಂದರು ಸರ್ವಮಂಗಳಮ್ಮ.

ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ತಾವಾಗಿಯೇ ಮೆಟ್ಟಿಲೇರಿ, ಮೂರನೆಯ ತುಂಡೇ ಸರಿ ಎಂದು ತೀರ್ಪು ಕೊಟ್ಟು, ತಮಗೂ ಒಂದೊಂದು ಕೊಂಡರು.

ಸರ್ವಮಂಗಳಮ್ಮ ಸೀರೆಯನ್ನೂ ಆ ಮೂರನೆಯ ತುಂಡನ್ನೂ ಚೀಲಕ್ಕೆ ಹಾಕಿಕೊಂಡು ನಗುತ್ತಾ ಹೊರಟರು. ಪೆಟ್ಟಿಗೆ ಅಲ್ಲೇ ಉಳಿಯಿತು. ಶೆಟ್ಟರು ಅದರಲ್ಲಿ ರವಿಕೆ ತುಂಡುಗಳನ್ನು ಜೋಡಿಸಿ ಬಾಗಿಲ ಬಳಿ ಇಟ್ಟುಕೊಂಡರು.

ಮರುದಿನ ಇನ್ನೊಬ್ಬರ ಕೈಯಲ್ಲಿ ಹೊಸ ಪೆಟ್ಟಿಗೆಯೊಂದು ಬಂತು. ಬಂದದ್ದೇ, “ಇನ್ನು ನಿನ್ನನ್ನು ಹತ್ತುವವರು ಯಾರು?” ಎಂದು ಮೆಟ್ಟಿಲನ್ನು ಕೇಳಿತು.

ಮೆಟ್ಟಿಲಿಗಿಂತ ಮೊದಲು ಬಾಗಿಲ ಬಳಿಯ ಹಳೆಯ ಪೆಟ್ಟಿಗೆಯೇ ಹೇಳಿತು: “ಮೊದಲು ಸೀರೆ ಬಿಸಿಲಿಗೆ ಬರಲಿ ತಮ್ಮಾ. ಆಮೇಲೆ ನೀನು ಮಾತಾಡು.”