ಕರಗದ ತುತ್ತು

"ಊರೂರಿಗೆ ಸಾರುವುದೇನೆಂದರೆ, ಕುವರಿ ಚಂದಲೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ ಪದವಿ! ಬಾಯಿ ತೆರೆದು ತಪ್ಪಿದವರಿಗೆ ಶಿರಚ್ಛೇದ!"

ಸೋವಿರಾಯ ದೊರೆ ಡಂಗುರ ಹೊಡೆಸಿದ್ದು ಹೀಗೆ. ಮೂವತ್ತು ಬಗೆ ಉಂಡೂ ಹೊತ್ತು ಹೋಗದವನಿಗೆ ಇನ್ನೇನು ಹೊಳೆದೀತು? ತಂದೆಯ ಹೊಟ್ಟೆಬಾಕತನ ಕಂಡು ಎಂದೋ ನಾಚಿದ್ದ ಚಂದಲೆ, ಊಟ ಮುಗಿದ ಪಂಕ್ತಿಯಲ್ಲೇ ಒಗಟು ಕೇಳುತ್ತೇನೆಂದಳು.

"ಬರುವಾಗ ಎಲ್ಲರೂ ಮೂಗರಳಿಸುತ್ತಾರೆ, ಗಳಿಗೆ ಕಳೆದರೆ ಅದೇ ಜನ ಮೂಗು ಮುಚ್ಚುತ್ತಾರೆ. ಏನದು?"

ಡಂಗುರ ಕೇಳಿ ಬಂದು ಉಂಡು ಕೂತಿದ್ದ ಮೊದಲ ರಾಜಕುಮಾರ ತೇಗಿ, "ಹೂಮಾಲೆ" ಎಂದ. ಎರಡನೆಯವನು "ನೆಂಟರು" ಎಂದ. ಇಬ್ಬರನ್ನೂ ಕಂಬಕ್ಕೆ ಕಟ್ಟಿದರು. ಅಂಗಳದಲ್ಲಿ ಕತ್ತಿ ಮಸೆಯುವ ಸದ್ದು ಶುರುವಾಯಿತು.

ಎಲೆ ಎತ್ತುತ್ತಿದ್ದ ಆಳು ಜಡೆಯ ತನ್ನಷ್ಟಕ್ಕೆ, "ಎಂಜಲೆಲೆ ಅಲ್ವಾ" ಅಂದುಬಿಟ್ಟ.

"ಸರಿ!" ಎಂದಳು ಚಂದಲೆ.

"ಬಾಯಿ ತೆರೆದೆಯಲ್ಲ, ಉಳಿದೆರಡನ್ನೂ ನೀನೇ ಬಿಡಿಸು" ಎಂದ ದೊರೆ. ಜಡೆಯ ಎತ್ತಿದ್ದ ಎಲೆಗಳನ್ನು ಕೆಳಗಿಟ್ಟ. ಚಂದಲೆ ಎರಡನೆಯದನ್ನು ಕೇಳಿದಳು.

"ಇಡೀ ಪಾಕಶಾಲೆಯನ್ನು ತಡೆಯಬಲ್ಲದು, ಎಲ್ಲರ ಬಳಿಯೂ ಇದೆ, ಹೊತ್ತಿಗೆ ಮಾತ್ರ ಏಳುವುದಿಲ್ಲ. ಏನದು?"

"ಸಾಕು ಅಂತ ಎಲೆ ಮೇಲೆ ಅಡ್ಡ ಹಿಡಿಯೋ ಅಂಗೈ, ತಾಯಿ."

ದೊರೆ ತುಪ್ಪ ಮೆತ್ತಿದ ತನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡ.

"ತಿಂದು ಎಷ್ಟು ವರ್ಷವಾದರೂ ಕರಗದ ತುತ್ತು ಯಾವುದು?" ಎಂದು ಚಂದಲೆ ಮೂರನೆಯದನ್ನು ಕೇಳಿದಳು.

ಜಡೆಯನಿಗೆ ಉತ್ತರ ಗೊತ್ತಿತ್ತು. ಆದರೆ ಅಕ್ಕಿ ಆರಿಸುವ ಹೆಂಗಸರ ನಡುವೆ ಅವನ ತಂಗಿ ಪುಟ್ಟೀರಿ ಕೂತಿದ್ದಳು. ತಲೆ ಹೋದರೂ ಹೋಗಲಿ, ಇವಳ ಮುಂದೆ ಹೇಗೆ ಹೇಳಲಿ ಅಂತ ಅವನಿಗನ್ನಿಸಿತು. ಅಷ್ಟರಲ್ಲಿ ಕತ್ತಿ ಮಸೆದು ಮುಗಿದು ಸದ್ದು ನಿಂತಿತು. ಪುಟ್ಟೀರಿ ಮೊರ ಬಿಟ್ಟು ಎದ್ದು ನಿಂತಳು. ಅವಳಿಗೆ ಅಣ್ಣನನ್ನು ಬಿಟ್ಟರೆ ಇನ್ಯಾರೂ ಇರಲಿಲ್ಲ.

"ಇನ್ನೊಬ್ಬರ ಪಾಲಿನ ತುತ್ತು" ಎಂದ ಜಡೆಯ, ನೆಲ ನೋಡುತ್ತ.

"ನಿನಗೆ ಹೇಗೆ ಗೊತ್ತು?" ಎಂದಳು ಚಂದಲೆ.

"ಎಲೆ ಎತ್ತೋರಿಗೆ ಹಬ್ಬಕ್ಕೆ ಐದು ಹೋಳಿಗೆ ಕಟ್ಟಿಕೊಡೋದು ಇಲ್ಲಿಯ ಪದ್ಧತಿ. ಆರು ವರ್ಷದ ಹಿಂದೆ ತಂಗಿ ಜ್ವರ ಬಿಟ್ಟು ಎದ್ದಿದ್ದಳು, ಹೋಳಿಗೆ ತಾ ಅಂದಿದ್ದಳು. ಇಲ್ಲೇ ಹೊಟ್ಟೆ ಬಿರಿಯ ಉಂಡಿದ್ದೆ. ಆದರೂ ದಾರೀಲಿ ಒಂದೊಂದೇ ಅಂತ ಐದನ್ನೂ ತಿಂದೆ. ಮನೇಲಿ, ಈ ಸಲ ಯಾರಿಗೂ ಕೊಡಲಿಲ್ಲ ಅಂದೆ. ಅವಳು ಗಂಜಿ ಕುಡಿದು ಮಲಗಿದಳು." ಜಡೆಯ ತಂಗಿಯತ್ತ ತಿರುಗಿ ಕೈಮುಗಿದ. "ನಾಚಿಕೆಗೆಟ್ಟವನು ನಾನು."

"ಅದೂ ಸರಿ" ಎಂದು ಚಂದಲೆ ತಂದೆಯತ್ತ ನೋಡಿದಳು. ದೊರೆಯ ಮುಖ ಕೆಂಪಾಗಿತ್ತು. "ನನ್ನೊಳಗೆ ಅಂಥವು ಎಷ್ಟಿವೆಯೋ ಲೆಕ್ಕವಿಲ್ಲ" ಎಂದು ಗೊಣಗಿ, ಕಂಬಕ್ಕೆ ಕಟ್ಟಿದ್ದ ಇಬ್ಬರನ್ನೂ ಬಿಡಿಸಿದ. ಜಡೆಯ ಪದವಿ ಕೇಳದೆ ಮತ್ತೆ ಎಲೆ ಎತ್ತಲು ಬಗ್ಗಿದ. ಚಂದಲೆಯೇ ಅವನನ್ನು ಅರಮನೆಯ ಬಡಿಸುವವರ ಯಜಮಾನನನ್ನಾಗಿ ಮಾಡಿದಳು. ಯಾರಿಗೆ ಎಷ್ಟು ಎಂಬುದು ಇನ್ನು ಅವನ ಮಾತು, ದೊರೆಗೂ ಅಷ್ಟೇ.

ಪುಟ್ಟೀರಿ ಹತ್ತಿರ ಬಂದು ಅಣ್ಣನ ಕೈ ಹಿಡಿದಳು.

"ನಂಗೆ ಅವತ್ತೇ ಗೊತ್ತಿತ್ತು ಕಣಣ್ಣ. ನಿನ್ನ ಗಲ್ಲದ ಮೇಲೆಲ್ಲಾ ತುಪ್ಪ ಇತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ದರೆ ನೀನು ಇನ್ನೊಂದು ಸುಳ್ಳು ಹೇಳಬೇಕಾಗ್ತಿತ್ತಲ್ಲ."