ನಾಲ್ಕು ಪೆಟ್ಟಿಗೊಮ್ಮೆ

ಹೊಳೆಯ ಈಚೆ ದಡದಲ್ಲಿ ಒಂದು ಸಣ್ಣ ಮಠವಿತ್ತು. ಆಚೆ ದಡದಲ್ಲಿ, ಗುಡ್ಡದ ಬುಡಕ್ಕೆ, ಗುಡಿಗಳಿಗೆ ಕಲ್ಲು ಕೆತ್ತಿಕೊಡುವ ಕಲ್ಲುಗಣಿ.

ಮಠದಲ್ಲಿ ನಿರ್ವಾಣಯ್ಯ ಎಂಬ ಗುರುಗಳಿದ್ದರು. ಅವರ ಶಿಷ್ಯ ಅಡಿವೆಯ್ಯನಿಗೆ ಮೂವತ್ತು ದಾಟಿತ್ತು. ದಿನವೂ ಹರಗೋಲಿನಲ್ಲಿ ಹೊಳೆ ದಾಟಿ, ಗಣಿಯವರ ಕೇರಿಯಲ್ಲಿ ಭಿಕ್ಷೆ ಬೇಡಿ ಬರುವುದು ಅವನ ಕೆಲಸ.

ಒಂದು ಬೆಳಿಗ್ಗೆ ಅವನು ಬರಿಯ ಜೋಳಿಗೆಯೊಂದಿಗೇ ಮರಳಿದ.

"ಏನಾಯಿತು?" ಎಂದರು ಗುರುಗಳು.

"ಗುಡ್ಡದ ಮೇಲಿಂದ ಬಂಡೆ ಉರುಳಿಸಿದರು. ಮೊದಲು ಕೊಂಬು ಊದಿದರು. ಎಲ್ಲರೂ ಎದ್ದು ಓಡಿದರು. ಒಬ್ಬ ಓಡಲಿಲ್ಲ."

"ಯಾರು?"

"ಮಾನಪ್ಪ. ಕಲ್ಲು ಕೆತ್ತುವವನು. ಹುಟ್ಟಿದಂದಿನಿಂದ ಅವನಿಗೆ ಕಿವಿ ಕೇಳಿಸುವುದಿಲ್ಲ. ಗುಡ್ಡಕ್ಕೆ ಬೆನ್ನು ಹಾಕಿ ಕೂತಿದ್ದ. ಬಂಡೆ ಅವನಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಅವನ ನೀರಿನ ಕೊಡ ಪುಡಿಯಾಯಿತು."

"ಅವನು ಬದುಕಿದ್ದಾನೆ."

"ಬದುಕಿದ್ದಾನೆ. ಆದರೆ ನಾಳೆಯಿಂದ ಬರಬೇಡ ಎಂದು ಗಣಿಯ ಯಜಮಾನ ರುದ್ರಾಚಾರಿ ಕೈಸನ್ನೆ ಮಾಡಿ ಕಳಿಸಿಬಿಟ್ಟರು. ಕೊಂಬಿನ ಜೊತೆ ಒಂದು ಬಾವುಟ ಏರಿಸಿದರೆ ಸಾಕಲ್ಲವೇ? ನೀವು ಒಂದು ಮಾತು ಹೇಳಿ, ಗುರುಗಳೇ. ನಿಮ್ಮ ಮಾತನ್ನು ಅವರು ತೆಗೆದುಹಾಕುವುದಿಲ್ಲ."

"ನೋಡಿದವನು ನೀನು," ಎಂದರು ಗುರುಗಳು. "ನೀನೇ ಹೋಗು."

ಅಡಿವೆಯ್ಯ ಮರುದಿನವೇ ಹೋದ. ಧರ್ಮದ ಮಾತಾಡಿದ. ದುಡಿಯುವವನನ್ನು ಕಾಯುವುದು ದುಡಿಸಿಕೊಳ್ಳುವವನ ಹೊಣೆ ಎಂದ. ಒಂದು ಜೀವ ನೂರು ಗುಡಿಗಿಂತ ದೊಡ್ಡದು ಎಂದ.

ರುದ್ರಾಚಾರಿ ಕೈಮುಗಿದು ನಿಂತು ಪೂರ್ತಿ ಕೇಳಿದರು.

"ನೀವು ಹೇಳೂದು ಖರೇ ಐತ್ರಿ ಸ್ವಾಮಿ," ಎಂದರು. "ನಮ್ಮಜ್ಜನ ಕಾಲದಿಂದ ಕೊಂಬು ಊದಕೋತ ಬಂದೀವಿ. ಮುನ್ನೂರು ಮಂದಿಗೆ ಕೇಳಸ್ತದ." ಇಷ್ಟು ಹೇಳಿ ಆಳುಗಳ ಕಡೆಗೆ ನಡೆದುಬಿಟ್ಟರು.

ಅಡಿವೆಯ್ಯ ಮಠಕ್ಕೆ ಬಂದು ನಡೆದದ್ದನ್ನೆಲ್ಲ ಹೇಳಿದ. "ನಾನು ಹೇಳಿದ್ದರಲ್ಲಿ ತಪ್ಪೇನಿತ್ತು?" ಎಂದು ಕೇಳಿದ.

ಗುರುಗಳು ಉತ್ತರ ಹೇಳತೊಡಗಿದರು. ತುಟಿ ಆಡುತ್ತಿತ್ತು. ಸದ್ದು ಬರಲಿಲ್ಲ.

"ಕೇಳಿಸುತ್ತಿಲ್ಲ, ಗುರುಗಳೇ."

ಗುರುಗಳ ತುಟಿ ನಿಲ್ಲಲಿಲ್ಲ. ಕೈಯೆತ್ತಿ ಒತ್ತಿ ಒತ್ತಿ ಏನೋ ಹೇಳಿದರು. ಹಾಗೇ ಬಹಳ ಹೊತ್ತು ಹೇಳಿ ಎದ್ದು ನಿಂತರು.

"ಒಂದಕ್ಷರವೂ ತಿಳಿಯಲಿಲ್ಲ," ಎಂದ ಅಡಿವೆಯ್ಯ.

"ಆದರೆ ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ," ಎಂದು ಗುರುಗಳು ಒಳಗೆ ಹೋದರು.

ಅಡಿವೆಯ್ಯ ಎರಡು ದಿನ ಯೋಚಿಸಿದ. ಧರ್ಮ ಹೇಳಿದರೆ ಯಜಮಾನರ ಕಿವಿಗೆ ಬೀಳುವುದಿಲ್ಲ. ಕಥೆ ಹೇಳಬೇಕು ಎಂದುಕೊಂಡ.

ಮೂರನೆಯ ದಿನ ಹೋಗಿ ಕಥೆ ಹೇಳಿದ. ಕತ್ತಲೆಯ ಬಾವಿಯಂಥ ಮೌನದಲ್ಲಿ ಬದುಕುವ ಒಬ್ಬ ಬಡಪಾಯಿಯ ಕಥೆ. ಹಕ್ಕಿಯ ದನಿ ಕೇಳದವನು, ಹೆಂಡತಿಯ ದನಿ ಕೇಳದವನು, ಒಲೆಯ ಮುಂದೆ ಕೂತು ಕಣ್ಣೀರಿಡುವವನು.

ರುದ್ರಾಚಾರಿಯ ಕಣ್ಣು ತುಂಬಿತು. ಹೆಗಲ ಮೇಲಿನ ವಸ್ತ್ರದಿಂದ ಒರೆಸಿಕೊಂಡರು.

"ಸಾಕ್ರಿ ಸ್ವಾಮಿ. ಇನ್ನ ಕೇಳಲಾರೆ. ನಾ ನೋಡ್ಕೋತೀನಿ."

ಅಡಿವೆಯ್ಯ ಹಗುರಾಗಿ ಹೊಳೆ ದಾಟಿದ.

"ಯಜಮಾನರು ಅತ್ತುಬಿಟ್ಟರು, ಗುರುಗಳೇ!"

"ಅತ್ತ ಮೇಲೆ ಏನು ಮಾಡಿದರು?"

"ನಾನು ನೋಡಿಕೊಳ್ಳುತ್ತೇನೆ ಎಂದರು."



ಮರುದಿನ ಮಧ್ಯಾಹ್ನ ಹರಗೋಲಿನಿಂದ ಒಬ್ಬ ಹೆಂಗಸು ಇಳಿದಳು. ತಲೆಯ ಮೇಲೆ ಜೋಳದ ಚೀಲ. ಹಿಂದೆ ಅವಳ ಗಂಡ. ಅಗಲವಾದ ಹೆಗಲು, ಕಲ್ಲಿನ ಪುಡಿ ಅಂಟಿ ಬೆಳ್ಳಗಾದ ರೆಪ್ಪೆ. ಮಾನಪ್ಪ.

ಅವಳು ದ್ಯಾಮವ್ವ. ಚೀಲವನ್ನು ಅಡಿವೆಯ್ಯನ ಮುಂದೆ ಇಳಿಸಿದಳು.

"ಇದನ್ನ ನೀವ ಇಟ್ಕೋರಿ."

"ಏನಮ್ಮ ಇದು?"

"ಯಜಮಾನ್ರು ಕಳಿಸ್ಯಾರ. ಜೀವ ಇರೂತನ ತಿಂಗಳಾ ಒಂದು ಚೀಲ ಜ್ವಾಳ ಕೊಡ್ತಾರಂತ. ಮನಿಯಾಗ ಕುಂತು ಉಣ್ರಿ, ಗಣಿ ಕಡೆ ಮಾತ್ರ ಬರಬ್ಯಾಡ್ರಿ ಅಂದಾರ. ಸ್ವಾಮೇರು ಬಂದು ಹೇಳಿದ ಮ್ಯಾಲೆ ನಮ್ಮ ಕರುಳು ಕಿವುಚಿತು ಅಂದಾರ."

ಅಡಿವೆಯ್ಯ ಚೀಲದಿಂದ ಒಂದು ಹೆಜ್ಜೆ ಹಿಂದೆ ಸರಿದ.

"ನನ್ನ ಗಂಡಗ ಕಿವಿ ಇಲ್ಲ, ಖರೇ," ಎಂದಳು ದ್ಯಾಮವ್ವ. "ಕೈ ಅದಾವ. ಹದಿನಾರು ವರ್ಷದಿಂದ ಆ ಕೈಯಿಂದ ಉಂಡೀವಿ. ಒಲಿ ಮುಂದ ಕುಂತು ಅಳತಾನಂತ ಹೇಳೀರಂತಲ್ಲ, ಯಾವಾಗ ನೋಡಿದ್ರಿ?"

ಮಾನಪ್ಪನಿಗೆ ಮಾತು ಕೇಳಿಸದಿದ್ದರೂ ಹೆಂಡತಿಯ ಮುಖ ಕಾಣುತ್ತಿತ್ತು. ಅವಳ ತೋಳನ್ನು ಮೆಲ್ಲಗೆ ಹಿಡಿದು, ಸಾಕು ಎಂಬಂತೆ ತಲೆಯಾಡಿಸಿದ. ಇಬ್ಬರೂ ಹೊಳೆಯ ಕಡೆಗೆ ನಡೆದರು. ಚೀಲ ಅಲ್ಲೇ ಉಳಿಯಿತು.

ಅಡಿವೆಯ್ಯ ಚೀಲದ ಪಕ್ಕದಲ್ಲಿ ಕೂತ.

"ನಿನ್ನ ಕಥೆಯಲ್ಲಿ ಮಾನಪ್ಪ ಏನು ಮಾಡುತ್ತಿದ್ದ?" ಎಂದು ಕೇಳಿದರು ಗುರುಗಳು.

"ಅಳುತ್ತಿದ್ದ."

"ಕಲ್ಲು ಕೆತ್ತುತ್ತಿರಲಿಲ್ಲವೇ?"

"ಇಲ್ಲ."

"ಹಾಗಾದರೆ ರುದ್ರಾಚಾರಿ ಮಾಡಿದ್ದು ಸರಿಯಾಗೇ ಇದೆ. ನೀನು ತೋರಿಸಿದ ಮನುಷ್ಯನಿಗೆ ಬೇಕಾದದ್ದು ಜೋಳವೇ."

ಅಡಿವೆಯ್ಯ ತಲೆ ತಗ್ಗಿಸಿದ. "ಈಗ ನಾನು ಏನು ಮಾಡಲಿ?"

"ಹೇಳುವುದನ್ನು ನಿಲ್ಲಿಸು."

ಅವನು ಚೀಲ ಹೊತ್ತು ಹೊಳೆ ದಾಟಿ, ಅದನ್ನು ಗಣಿಯ ಉಗ್ರಾಣಕ್ಕೆ ಒಪ್ಪಿಸಿದ. ಅಲ್ಲಿಂದ ಮಾನಪ್ಪನ ಮನೆಗೆ ಹೋಗಿ ಅಂಗಳದ ಒಂದು ಮೂಲೆಯಲ್ಲಿ ಕೂತ. ದ್ಯಾಮವ್ವ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಮಾನಪ್ಪ ನೆರೆಮನೆಯವರಿಗಾಗಿ ಒಂದು ಒಳಕಲ್ಲು ಕೆತ್ತುತ್ತಿದ್ದ. ಉಳಿಯ ಮೇಲೆ ಸುತ್ತಿಗೆ ಒಂದೇ ಲಯದಲ್ಲಿ ಬೀಳುತ್ತಿತ್ತು. ಅವನು ತಲೆ ಎತ್ತಲಿಲ್ಲ. ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ ಬಂದರೂ ಎತ್ತಲಿಲ್ಲ.

ಅಡಿವೆಯ್ಯ ಮರುದಿನವೂ ಬಂದ. ಅದರ ಮರುದಿನವೂ.

ಐದನೆಯ ದಿನ ದ್ಯಾಮವ್ವ ಅವನ ಮುಂದೆ ಮಜ್ಜಿಗೆ ಇಟ್ಟಳು.

"ಇಷ್ಟು ಚುರುಕಾಗಿ ಕೆತ್ತುತ್ತಾರಲ್ಲ," ಎಂದ ಅಡಿವೆಯ್ಯ. "ಗಣಿಯಲ್ಲಿ ಇವರನ್ನು ನಿಧಾನಿ ಎನ್ನುತ್ತಾರೆ."

"ಅಲ್ಲಿ ನಿಧಾನನ ರೀ. ಇಲ್ಲಿ ಬಂಡೆಗಲ್ಲು ಉರುಳಿ ಬರೂದಿಲ್ಲಲ್ಲ."

"ಅಂದರೆ?"

ದ್ಯಾಮವ್ವ ಗಂಡನ ಹೆಗಲು ಮುಟ್ಟಿ, ಗುಡ್ಡದ ಕಡೆಗೆ ಕೈ ತೋರಿಸಿ, ಏನೋ ಸನ್ನೆ ಮಾಡಿದಳು. ಮಾನಪ್ಪ ಅಡಿವೆಯ್ಯನನ್ನು ಒಮ್ಮೆ ನೋಡಿದ. ಗುಡ್ಡಕ್ಕೆ ಬೆನ್ನು ಹಾಕಿ ಕೂತ. ನಾಲ್ಕು ಪೆಟ್ಟು ಹೊಡೆದ. ಉಳಿ ಇಟ್ಟು, ಸೊಂಟ ತಿರುಗಿಸಿ, ಹಿಂದೆ ನೋಡಿದ. ಮತ್ತೆ ನಾಲ್ಕು ಪೆಟ್ಟು. ಮತ್ತೆ ಹಿಂದೆ ನೋಡಿದ. ಮತ್ತೆ ನಾಲ್ಕು.

"ಹದಿನಾರು ವರ್ಷ?" ಎಂದ ಅಡಿವೆಯ್ಯ.

"ಹದಿನಾರು ವರ್ಷ. ಅವತ್ತೊಂದಿನ ಮರೆತ. ಗುಡಿ ಕಂಬದಾಗ ತಾವರಿ ಹೂವಿನ ಎಸಳು ತಗೀತಿದ್ದ. ಭಾಳ ಚಂದ ಬರಾಕತ್ತಿತ್ತಂತ."

ಅಡಿವೆಯ್ಯ ಮಜ್ಜಿಗೆ ಕೆಳಗಿಟ್ಟ. "ಗುಡ್ಡದ ಮೇಲೆ ಒಂದು ಬಾವುಟ ಕಟ್ಟಿಸಲು ಕೇಳುತ್ತೇನೆ ಎಂದು ಹೇಳಿ," ಎಂದ.

ದ್ಯಾಮವ್ವ ಸನ್ನೆ ಮಾಡಿದಳು. ಮಾನಪ್ಪ ಬೇಡವೆಂದು ಜೋರಾಗಿ ತಲೆಯಾಡಿಸಿ, ಒಂದು ಇದ್ದಿಲ ತುಂಡು ತೆಗೆದುಕೊಂಡು ನೆಲದ ಮೇಲೆ ಬರೆದ. ಗುಡ್ಡ. ಅದಕ್ಕೆ ಬೆನ್ನು ಹಾಕಿ, ಬೆಳಕಿಗಾಗಿ ಹೊಳೆಯ ಕಡೆ ಮುಖ ಮಾಡಿ ಕೂತ ಕೆತ್ತುವವರ ಸಾಲು. ಕೊನೆಗೆ ಹೊಳೆಯ ದಡದಲ್ಲಿ, ಅವರ ಕಣ್ಣೆದುರಿಗೆ, ಒಂದು ಎತ್ತರದ ಕಂಬ.

ಬಾವುಟ ಬೇಕಾದದ್ದು ಗುಡ್ಡದ ಮೇಲಲ್ಲ. ಇಷ್ಟು ದಿನ ಅದು ಅಡಿವೆಯ್ಯನಿಗೆ ಹೊಳೆದೇ ಇರಲಿಲ್ಲ.

ಅವನು ಬಂದು ಎಲ್ಲವನ್ನೂ ಗುರುಗಳಿಗೆ ತಿಳಿಸಿದ. ಈಗ ಯಜಮಾನರ ಬಳಿಗೆ ಹೋಗಬಹುದೇ ಎಂದು ಕೇಳಿದ.

"ರುದ್ರಾಚಾರಿ ಯಾವುದಕ್ಕೆ ಹೆದರುತ್ತಾರೆ?" ಎಂದರು ಗುರುಗಳು.

"ಗೊತ್ತಿಲ್ಲ."

"ಅವರ ಬಳಿಯೂ ಕೂತುಕೋ."

ರುದ್ರಾಚಾರಿ ಅವನನ್ನು ಕಂಡು ಮುಖ ಗಂಟಿಕ್ಕಿದರು. "ಚೀಲ ವಾಪಸ್ ಬಂತಲ್ರೀ ಸ್ವಾಮಿ. ಸಾಲಲಿಲ್ಲೇನು?"

"ತಪ್ಪು ನನ್ನದು," ಎಂದ ಅಡಿವೆಯ್ಯ. "ನಾನು ನೋಡದೇ ಇದ್ದುದನ್ನು ಹೇಳಿದೆ. ಇವತ್ತು ನೋಡಿದ್ದನ್ನು ಹೇಳಲೇ?"

ರುದ್ರಾಚಾರಿ ಹ್ಞೂಂ ಎನ್ನಲಿಲ್ಲ. ಎದ್ದೂ ಹೋಗಲಿಲ್ಲ.

ಅಡಿವೆಯ್ಯ ಹೇಳಿದ. ಅಂಗಳದಲ್ಲಿ ತಲೆ ಎತ್ತದೆ ಕೆತ್ತುವವನು, ಗಣಿಯಲ್ಲಿ ನಾಲ್ಕು ಪೆಟ್ಟಿಗೊಮ್ಮೆ ಹಿಂದೆ ನೋಡುತ್ತಾನೆ. ತಾವರೆಯ ಎಸಳು ಚೆಂದ ಬರುತ್ತಿದ್ದ ದಿನ ಮರೆತ. ಹೊಳೆಯ ದಡದಲ್ಲಿ ಒಂದು ಬಾವುಟದ ಕಂಬವನ್ನು ನೆಲದ ಮೇಲೆ ಬರೆದು ತೋರಿಸಿದ. ಬೇರೇನನ್ನೂ ಸೇರಿಸಲಿಲ್ಲ.

ರುದ್ರಾಚಾರಿ ತಿರುಗಿ ಕೆತ್ತುವವರ ಸಾಲನ್ನು ನೋಡಿದರು.

"ಮುಗಿಲು ನೋಡಕೋತ ಕುಂದರ್ತಾನ ಅಂತ ಬೈತಿದ್ದೆ," ಎಂದರು. ಆಮೇಲೆ ತಲೆ ಕೊಡವಿದರು. "ಆದ್ರೂ ಒಬ್ಬನ ಸಲುವಾಗಿ ಇಡೀ ಗಣಿ ಪದ್ಧತಿ ಹೆಂಗ ಬದಲಿ ಮಾಡೂದ್ರಿ? ಅವನ ಕೊರತಿ, ನಾವೇನು ಮಾಡೂದು?"

ಅಡಿವೆಯ್ಯ ಎದುರಿನ ಬಂಡೆ ನೋಡಿದ. "ಆ ಬಂಡೆ ಎಷ್ಟು ಎತ್ತರ ಇದೆ, ಆಚಾರ್ರೇ?"

"ಇಪ್ಪತ್ತು ಮೊಳ."

"ನಿಮ್ಮ ಆಳುಗಳು ಹೇಗೆ ಹತ್ತುತ್ತಾರೆ?"

"ಏಣಿ ಅದಾವಲ್ಲ."

"ಏಣಿ ಎಲ್ಲ ತೆಗೆದುಬಿಟ್ಟರೆ?"

"ಯಾರೂ ಹತ್ತೂದಿಲ್ಲ."

"ಆಗ ಅದನ್ನು ಅವರ ಕೊರತೆ ಎನ್ನುತ್ತೀರಾ?"

ರುದ್ರಾಚಾರಿ ಏಣಿಗಳ ಕಡೆ ನೋಡಿದರು. ಅಡಿವೆಯ್ಯನ ನಾಲಗೆಯ ತುದಿಯಲ್ಲಿ ಇನ್ನೂ ಹತ್ತು ಮಾತುಗಳಿದ್ದವು. ಅವನ್ನು ನುಂಗಿಕೊಂಡ.

"ನಿಮಗೆ ಯಾವುದರ ಭಯ, ಆಚಾರ್ರೇ?" ಎಂದಷ್ಟೇ ಕೇಳಿದ.

ಆಳುಗಳ ಸುತ್ತಿಗೆಯ ಸದ್ದು ಕೇಳುತ್ತಿತ್ತು.

"ನನ್ನ ತಮ್ಮ ಇದ ಇಳಿಜಾರಿನಾಗ ಹ್ವಾದ," ಎಂದರು ಕೊನೆಗೆ. "ಮಾನಪ್ಪನ ಬಾಜೂಕ ಬಂಡೆಗಲ್ಲು ಉರುಳಿದಾಗ ತಮ್ಮನ ಹೆಣ ನೋಡಿದಂಗಾತು. ಇನ್ನೊಮ್ಮಿ ನೋಡಾಕ ನನ್ನಿಂದ ಆಗೂದಿಲ್ಲ. ಅದಕ್ಕ ಮನಿಗೆ ಕಳಿಸಿದೆ."

"ತಮ್ಮನಿಗೂ ಕಿವಿ ಕೇಳುತ್ತಿರಲಿಲ್ಲವೇ?"

"ಚಲೋ ಕೇಳತಿತ್ತು. ಅವತ್ತು ಗಾಳಿ ಜೋರು ಇತ್ತು. ಕೊಂಬಿನ ಸದ್ದು ಆ ಕಡೆ ಹೊಂಟು ಹೋತು. ಅವನೂ ಹಿಂಗ ಹೊಳಿ ಕಡೆ ಮುಖ ಮಾಡಿ ಕುಂತಿದ್ದ. ಎದುರಿಗೆ ಏನರ ಕಂಡಿದ್ರ..."

ರುದ್ರಾಚಾರಿ ಹೊಳೆಯ ದಡವನ್ನು ನೋಡುತ್ತಾ ಕೂತರು. ಅಡಿವೆಯ್ಯನೂ ಕೂತ. ಯಜಮಾನರ ಕಣ್ಣು ತುಂಬಿತ್ತು; ಈ ಸಲ ಅವರು ಕಣ್ಣು ಒರೆಸಿಕೊಳ್ಳಲಿಲ್ಲ.

"ಕಂಬ ಎಲ್ಲಿ ನೆಡಬೇಕ್ರಿ?" ಎಂದು ಕೇಳಿದರು.

"ನನಗೆ ಗೊತ್ತಿಲ್ಲ. ಮಾನಪ್ಪನಿಗೆ ಗೊತ್ತು."

"ಕರೀರಿ ಅವನ್ನ."

ಮಾನಪ್ಪ ಬಂದ. ದಡದಲ್ಲಿ ಹಿಂದೆ ಮುಂದೆ ನಡೆದಾಡಿ, ಕೂತು ನೋಡಿ, ಎದ್ದು ನೋಡಿ, ಒಂದು ಕಡೆ ಹಿಮ್ಮಡಿಯಿಂದ ಗುರುತು ಮಾಡಿದ. ರುದ್ರಾಚಾರಿ ಅಲ್ಲೇ ಮೊದಲ ಗುದ್ದಲಿ ಹಾಕಿದರು. ಕಂಬ ನಿಂತಿತು. ಅವತ್ತಿನಿಂದ ಕೊಂಬು ಊದಿದಾಗಲೆಲ್ಲ ಕೆಂಪು ಬಾವುಟವೂ ಏರಿತು. ಬಾವುಟ ಇಳಿಯುವ ತನಕ ಯಾರೂ ಜಾಗಕ್ಕೆ ಮರಳಬಾರದು ಎಂದೂ ಆಯಿತು.

ಆಷಾಢ ಬಂತು. ಗಾಳಿ ಎದ್ದಿತು. ಒಂದು ದಿನ ಗಣಿಯ ಆಚೆ ತುದಿಯಲ್ಲಿದ್ದ ಏಳು ಮಂದಿಗೆ ಕೊಂಬು ಕೇಳಿಸಲಿಲ್ಲ. ಬಾವುಟ ಕಂಡು ಏಳೂ ಮಂದಿ ಎದ್ದು ಓಡಿದರು. ಏಳೂ ಮಂದಿಗೆ ಕಿವಿ ಚೆನ್ನಾಗಿತ್ತು.

ಆ ಸುದ್ದಿ ತಂದು ಹೇಳುವಾಗ ಅಡಿವೆಯ್ಯನ ಮುಖದಲ್ಲಿ ಬೆಳಕಿತ್ತು.

"ಮಾನಪ್ಪ ಈಗ ಗಣಿಯಲ್ಲೂ ಹಿಂದೆ ತಿರುಗದೆ ಕೆತ್ತುತ್ತಾನೆ, ಗುರುಗಳೇ. ಆಚಾರ್ರು ಅವನಿಗೆ ಗರ್ಭಗುಡಿಯ ಬಾಗಿಲ ಚೌಕಟ್ಟಿನ ಕೆತ್ತನೆ ಒಪ್ಪಿಸಿದ್ದಾರೆ. ದೊಡ್ಡವರ ಮನಸ್ಸು ತಿರುಗಿಸುವುದು ಹೇಗೆಂದು ನನಗೆ ತಿಳಿಯಿತು. ಇನ್ನು ಯಾವ ಊರಿಗೆ ಹೋಗಲಿ?"

ಗುರುಗಳು ಎದ್ದು ಬಾಗಿಲಿಗೆ ಬಂದು ನಿಂತರು. ಮಠಕ್ಕೆ ಒಂಬತ್ತು ಎತ್ತರದ ಮೆಟ್ಟಿಲು. ಕೊನೆಯ ಮೆಟ್ಟಿಲ ಕೆಳಗೆ, ಬಿಸಿಲಿನಲ್ಲಿ, ಒಬ್ಬ ಹೆಂಗಸು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಅವಳ ಊರುಗೋಲು ಪಕ್ಕದಲ್ಲಿ ಬಿದ್ದಿತ್ತು.

"ನೀಲವ್ವ ಹನ್ನೊಂದು ವರ್ಷದಿಂದ ಅಲ್ಲೇ ಕೂತು ಈ ಮಠದ ಕಾಳು ಹಸನು ಮಾಡುತ್ತಾಳೆ. ಹನ್ನೊಂದು ವರ್ಷದಿಂದ ನಾನು ಒಳಗೆ ನೆರಳಿನಲ್ಲಿ ಕೂತಿದ್ದೇನೆ," ಎಂದರು ಗುರುಗಳು. "ಹೋಗಿ ಅವಳ ಹತ್ತಿರ ಕೂತುಕೋ, ಅಡಿವೆಯ್ಯ. ಆಮೇಲೆ ಬಂದು ನನಗೆ ಹೇಳು."