ದ್ಯಾಮವ್ವನ ಬೀದಿ

ಮೂವತ್ತು ವರ್ಷ ಬೀದಿಯೊಂದರ ಚರಂಡಿಯ ಹೂಳೆತ್ತಿದ ದ್ಯಾಮವ್ವ ತೀರಿಕೊಂಡಾಗ ಪುರಸಭೆಯವರು ಆ ಬೀದಿಗೆ ಅವಳ ಹೆಸರಿನ ಫಲಕ ನೆಟ್ಟು ಹಾರ ಹಾಕಿದರು. ಅವಳ ಕೆಲಸಕ್ಕೆ ಮಾತ್ರ ಯಾರನ್ನೂ ನೇಮಿಸಲಿಲ್ಲ.

ಮಳೆಗಾಲ ಸಮೀಪಿಸಿತು. ಚರಂಡಿ ಫಲಕಕ್ಕೆ ಹೇಳಿತು: "ನನ್ನ ಗಂಟಲು ಕಟ್ಟಿದೆ. ನೀನು ದೊಡ್ಡವರು ನೆಟ್ಟ ಫಲಕ, ಅವರಿಗೊಂದು ಮಾತು ಹೇಳು."

"ಹಾರ ಹಾಕಿದ ಮೇಲೆ ಅವರಾರೂ ಇತ್ತ ಸುಳಿದಿಲ್ಲ," ಎಂದಿತು ಫಲಕ.

"ಹಾಗಾದರೆ ನೀನೇ ಹೂಳೆತ್ತು. ದ್ಯಾಮವ್ವನ ಹೆಸರು ಹೊತ್ತಿದ್ದೀಯಲ್ಲ?"

"ಹೆಸರಷ್ಟೇ ನನ್ನದು. ಅವಳ ಕೈಗಳು ನನಗಿಲ್ಲ."

ಮೊದಲ ದೊಡ್ಡ ಮಳೆಗೇ ಚರಂಡಿ ಉಕ್ಕಿ ಮನೆಗಳಿಗೆ ನುಗ್ಗಿತು. ಜನ ಪಾತ್ರೆ, ಹಾಸಿಗೆ ಹೊತ್ತು ಶಾಲೆಗೆ ಹೋದರು. ಬೀದಿ ಬರಿದಾಯಿತು.

"ಓದುವವರೇ ಇಲ್ಲ. ನೀನಾದರೂ ನನ್ನನ್ನೊಮ್ಮೆ ಓದು," ಎಂದು ಫಲಕ ಬೇಡಿತು.

"ನನಗೆ ಓದು ಬಾರದು," ಎಂದಿತು ಚರಂಡಿ. "ದ್ಯಾಮವ್ವನಿಗೂ ಬರುತ್ತಿರಲಿಲ್ಲ."